ಎರಡಿಂಚು ಮರಳು

ಹೆಂಡತಿ: ರೀ, ಆ ಚೀಲ ಕೆಳಗಿಡಿ. ಹಸುಗೂಸು ಎತ್ಕೊಂಡ ಹಾಗೆ ಎತ್ಕೊಂಡು ನಿಂತಿದ್ದೀರಿ.

ನಾನು: ಇದರ ಬೆಲೆ ನೋಡಿದ ಮೇಲೆ ಕೆಳಗಿಡೋಕೆ ಮನಸ್ಸೇ ಬರ್ತಿಲ್ಲ ಕಣೇ. ಹತ್ತು ಕೆ.ಜಿ. ಮರಳು. ಇದೇ ದುಡ್ಡಲ್ಲಿ ತೊಟ್ಟಿ ತಳಕ್ಕೆ ಬಾದಾಮಿ ಹಾಸಬಹುದು.

ಹೆಂಡತಿ: ಬಾದಾಮಿ ಒಳಗೆ ಮೀನು ಮಲಗಲ್ಲ.

ಅಲಂಕಾರ ಮೀನುಗಳ ಅಂಗಡಿ. ನಾಲ್ಕೂ ಗೋಡೆಗೆ ಗಾಜಿನ ತೊಟ್ಟಿಗಳು, ಎಲ್ಲ ಕಡೆಯಿಂದ ಗುಳುಗುಳು ಸದ್ದು, ಕಾಲಡಿಯಲ್ಲಿ ಸದಾ ಒದ್ದೆಯಾದ ಗೋಣಿತಾಟು. ನಾವು ಒಳಗೆ ಕಾಲಿಟ್ಟು ಮುಕ್ಕಾಲು ಗಂಟೆಯಾಗಿತ್ತು.

ವಿಷಯ ಇಷ್ಟೇ. ಈ ಅಂಗಡಿಯ ಮೂಲೆಯ ತೊಟ್ಟಿಯಲ್ಲಿರುವ ಒಂದು ಹಳದಿ ಮೀನಿನ ಮೇಲೆ ನನ್ನ ಹೆಂಡತಿಗೆ ಎಂಟು ತಿಂಗಳಿಂದ ಕಣ್ಣು. ಸಮುದ್ರದ ಮೀನು, ಉಪ್ಪುನೀರೇ ಆಗಬೇಕು. ನಿದ್ದೆ ಬಂದರೂ ಹೆದರಿದರೂ ಮರಳೊಳಗೆ ತೂರಿಕೊಳ್ಳುವ ಜಾತಿ. ತೊಟ್ಟಿ, ಪಂಪು, ದೀಪ, ಉಪ್ಪು ಎಲ್ಲವೂ ಮನೆ ಸೇರಿ ತಿಂಗಳು ಕಳೆದಿತ್ತು. ಬಾಕಿ ಉಳಿದದ್ದು ತಳಕ್ಕೆ ಎರಡಿಂಚು ಮರಳು. "ಮರಳು ತಾನೇ, ಅದನ್ನ ನನಗೆ ಬಿಡು" ಎಂದವನು ನಾನು. ಹಾಗೆನ್ನಲು ನನಗೆ ಅಧಿಕಾರವಿತ್ತು. ನೀರು ಸರಬರಾಜು ಕಚೇರಿಯಲ್ಲಿ, ಊರಿನ ಕುಡಿಯುವ ನೀರನ್ನು ಸೋಸುವ ಮರಳಿನ ಉಸ್ತುವಾರಿ ಇಪ್ಪತ್ತಾರು ವರ್ಷದಿಂದ ನನ್ನದು. ಹೆಂಡತಿ ನನ್ನ ಮಾತನ್ನು ನಂಬುವ ಏಕೈಕ ವಿಷಯ ಅದು.

ಅಂಗಡಿಯವರು: ಸಾರ್, ತಪ್ಪು ತಿಳ್ಕೋಬೇಡಿ. ಆರು ಗಂಟೆಗೆ ಹಲ್ಲಿನ ಡಾಕ್ಟ್ರು ಬರ್ತಾರೆ. ಅವರೂ ಇದೇ ಮೀನು ಕೇಳಿದ್ದಾರೆ, ಇರೋದು ಒಂದೇ. ನೀವು ಮೊದಲು ಹೇಳಿದ್ದು ನಿಜ. ಆದರೆ ಮರಳಿಲ್ಲದ ಮನೆಗೆ ನಾನು ಈ ಮೀನು ಕಳಿಸಲ್ಲ.

ನಾನು: ಹೆಣ್ಣು ಕೊಡೋರೂ ಇಷ್ಟು ವಿಚಾರಿಸಲ್ಲಪ್ಪ.

ಹೆಂಡತಿ: ವಿಚಾರಿಸಿದ್ದಿದ್ರೆ ನಮ್ಮಪ್ಪ ನನ್ನ ಕೊಡ್ತಿರ್ಲಿಲ್ಲ.

ಗೋಡೆಯ ಗಡಿಯಾರ ಐದೂ ಕಾಲು ತೋರಿಸುತ್ತಿತ್ತು. ನಾನು ಚೀಲವನ್ನು ಮೆಲ್ಲಗೆ ಇಳಿಸಿದೆ.

ನಾನು: ಅಲ್ಲ ಸ್ವಾಮಿ, ಇದರಲ್ಲಿ ಅಂಥಾದ್ದೇನಿದೆ?

ಅಂಗಡಿಯವರು: ಜೀವಂತ ಮರಳು ಸಾರ್. ಅದಕ್ಕೇ ಒದ್ದೆ ಇದೆ. ಒಳಗೆ ಸೂಕ್ಷ್ಮಜೀವಿಗಳಿವೆ. ಮೀನಿನ ಹೊಲಸೆಲ್ಲ ಅವೇ ತಿಂದು ನೀರು ಶುದ್ಧ ಮಾಡ್ತವೆ.

ನಾನು: ನಮ್ಮ ಆಫೀಸಿನ ಮರಳಲ್ಲಿ ಜೀವ ಕಂಡ್ರೆ ನನಗೆ ಮೆಮೊ ಕೊಡ್ತಾರೆ. ಇಲ್ಲಿ ಅದಕ್ಕೇ ಮೇಲುದುಡ್ಡಾ?

ಹೆಂಡತಿ: ಅದು ಬೇಡ ಬಿಡಿ. ಈ ಪಕ್ಕದ್ದು?

ಅಂಗಡಿಯವರು: ಹವಳದ ಚೂರು ಮೇಡಂ. ಅರ್ಧ ಬೆಲೆ.

ನಾನು: ಅರ್ಧ ಬೆಲೆ ಅಂದ್ರಲ್ಲ, ಕಟ್ಟಿ.

ಹೆಂಡತಿ: ತಡೀರಿ. ಇದರೊಳಗೆ ಮುಖ ಹಾಕಿ ಮಲಗ್ತೀರಾ?

ನಾನು: ನಾನ್ಯಾಕೆ ಮಲಗ್ಲಿ?

ಹೆಂಡತಿ: ಆ ಮೀನು ಮುಖ ಮುಂದಿಟ್ಟುಕೊಂಡೇ ತೂರೋದು. ಈ ಚೂಪಿಗೆ ಎರಡು ದಿನದಲ್ಲಿ ಮೂತಿ ಕೆತ್ತಿ ಹೋಗತ್ತೆ.

ಅಂಗಡಿಯವರು ತಲೆಯಾಡಿಸಿದರು. ತಲೆಯಾಡಿಸಿದ್ದು ಅವಳ ಕಡೆಗೆ. ನನಗೆ ಸ್ವಲ್ಪ ಕಸಿವಿಸಿಯಾಯಿತು.

ನಾನು: ನಮ್ಮ ಎದುರುಮನೆ ಕಟ್ತಿದ್ದಾರಲ್ಲ, ಮೇಸ್ತ್ರಿ ನನಗೆ ಪರಿಚಯ. ನಾಲ್ಕು ಬಾಂಡ್ಲಿ ಮರಳು ಕೇಳಿದ್ರೆ ಇಲ್ಲ ಅನ್ನಲ್ಲ.

ಹೆಂಡತಿ: ಆ ರಾಶಿ ಮೇಲೆ ಬೀದಿ ಬೆಕ್ಕುಗಳೆಲ್ಲ ಬೆಳಗ್ಗಿನ ಕೆಲಸ ಮುಗಿಸೋದು ನೋಡಿಲ್ವಾ ನೀವು?

ನಾನು: ತೊಳೆದ್ರೆ ಆಯ್ತು.

ಹೆಂಡತಿ: ನೀವು ತಿಂದ ತಟ್ಟೆ ತೊಳೆದು ತೋರಿಸಿ ಮೊದಲು.

ಅಂಗಡಿಯವರು ಕೆಮ್ಮಿದರು. ಆಮೇಲೆ ಮೇಜಿನಡಿಯಿಂದ ಒಂದು ಬೋಳು ಚೀಲ ಎಳೆದರು. ಮೇಲೆ ಚಿತ್ರವಿಲ್ಲ, ಬಣ್ಣವಿಲ್ಲ.

ಅಂಗಡಿಯವರು: ಇದೊಂದಿದೆ. ಒಣ ಮರಳು. ಆ ಮೊದಲಿನದರ ಎಂಟನೇ ಒಂದು ಭಾಗ ಬೆಲೆ. ಸಾಮಾನ್ಯವಾಗಿ ನಾನು ತೋರಿಸಲ್ಲ.

ನಾನು ಮಂಡಿಯೂರಿದೆ. ಇದು ನನ್ನ ಕ್ಷೇತ್ರ. ಒಂದು ಹಿಡಿ ತೆಗೆದು ಅಂಗೈಯಲ್ಲಿ ತಿಕ್ಕಿದೆ, ಕಿವಿಯ ಬಳಿ ಹಿಡಿದೆ, ಎರಡು ಕಾಳು ಹಲ್ಲಿನ ನಡುವೆ ಇಟ್ಟು ಕಡಿದೆ. ಮಣ್ಣಿನಂಶ ಎಷ್ಟಿದೆಯೆಂದು ನೋಡಲು ಕೈಗೆ ಸಿಕ್ಕ ನೀರಿನ ಬಾಟಲಿಗೆ ಎರಡು ಚಿಟಿಕೆ ಹಾಕಿ ಕುಲುಕಿ ಬೆಳಕಿಗೆ ಹಿಡಿದೆ.

ಹೆಂಡತಿ: ಅದು ನಾನು ಕುಡಿಯೋ ಬಾಟ್ಲಿ.

ನಾನು: ಮಾತಾಡಿಸ್ಬೇಡ. ಅರ್ಧ ಮಿಲಿಮೀಟರು ಕಾಳು. ಎಲ್ಲ ಒಂದೇ ಅಳತೆ, ಚೂಪಿಲ್ಲ. ಮಣ್ಣು ಬಹಳ ಕಮ್ಮಿ. ಇದು... ಇದು ನೀರು ಸೋಸೋ ಮರಳು.

ಅಂಗಡಿಯವರು: ಕರೆಕ್ಟು ಸಾರ್. ಹೇಗೆ ಗೊತ್ತಾಯ್ತು?

ನಾನು: ಹೇಗೆ ಅಂದ್ರೆ? ನನ್ನ ಜನ್ಮವೆಲ್ಲ ಇದನ್ನ ಲಾರಿಗಟ್ಟಲೆ ಪಾಸು ಮಾಡಿದ್ದೀನಿ. ಇದಕ್ಕೆ ನನ್ನ ಜೇಬಿಂದ ದುಡ್ಡು ಕೊಡೋದಾ? ಸಾಧ್ಯವೇ ಇಲ್ಲ.

ಹೆಂಡತಿ: ಹಾಗಾದ್ರೆ ಆಫೀಸಿಂದ ತರ್ತೀರಾ?

ನಾನು: ಕಳ್ಳತನ ಮಾಡು ಅಂತೀಯಾ?

ಹೆಂಡತಿ: ನಾನೇನೂ ಅಂತಿಲ್ಲ. ದುಬಾರಿದು ದುಬಾರಿ ಆಯ್ತು, ಅಗ್ಗದ್ದು ಪರಿಚಯದ್ದು ಆಯ್ತು. ನಡುವೆ ನನ್ನ ಮೀನು ಡಾಕ್ಟ್ರ ಮನೆ ಸೇರ್ತು.

ಗಡಿಯಾರ ಐದೂ ಮುಕ್ಕಾಲು. ಅವಳು ಮೂಲೆಯ ತೊಟ್ಟಿಯ ಮುಂದೆ ಹೋಗಿ ನಿಂತಳು. ಮೀನು ಗಾಜಿನವರೆಗೂ ಬಂದು ಅವಳ ಬೆರಳಿನ ಹಿಂದೆ ಹಿಂದೆ ಓಡಾಡಿತು. ನನಗೆ ಒಳಗೊಳಗೇ ಚುರುಕ್ ಎಂದಿತು. ಆದರೂ ಇಪ್ಪತ್ತಾರು ವರ್ಷದ ಸೇವೆ ಒಂದೇ ಸಲ ಬಗ್ಗುವುದಿಲ್ಲ.

ನಾನು: ದುಡ್ಡಿನ ಮಾತಲ್ಲ ಕಣೇ. ಇದು ನೀರಿನ ಟ್ಯಾಂಕಿಗೆ ಸರಿ, ಜೀವ ಇರೋ ಪ್ರಾಣಿಗಲ್ಲ. ಸಮುದ್ರದ ಮೀನು, ಎಷ್ಟು ಸೂಕ್ಷ್ಮ. ಅದಕ್ಕೆ ಒಗ್ಗಲ್ಲ.

ಹೆಂಡತಿ: ಅಂಗಡಿಯವರೇ, ಈ ಎಂಟು ತಿಂಗಳಿಂದ ಇದು ಮಲಗ್ತಿರೋದು ಯಾವ ಮರಳಲ್ಲಿ?

ಅಂಗಡಿಯವರು ಕಿವಿ ತುರಿಸಿಕೊಂಡರು. ನೆಲ ನೋಡಿದರು.

ಅಂಗಡಿಯವರು: ಇದೇ ಜಾತಿ ಮೇಡಂ. ಇದಕ್ಕಿಂತ ಹಳೇದು. ನೀರಿನ ಆಫೀಸಿನೋರು ಮೂರು ವರ್ಷದ ಹಿಂದೆ ಹರಾಜು ಹಾಕಿದ್ರು. ಉಜ್ಜಿ ಉಜ್ಜಿ ಕಾಳೆಲ್ಲ ನುಣ್ಣಗೆ ಉರುಟಾಗಿತ್ತು, ಮೀನಿಗೆ ಹೇಳಿ ಮಾಡಿಸಿದ ಹಾಗೆ. ಯಾರೋ ತಿಳುವಳಿಕೆ ಇಲ್ಲದ ಪುಣ್ಯಾತ್ಮ ಚೀಲದ ಮೇಲೆ 'ಯಾವ ಕೆಲಸಕ್ಕೂ ಬಾರದು' ಅಂತ ಚೀಟಿ ಅಂಟಿಸಿದ್ದ. ನನಗೆ ಚೀಪಾಗಿ ಸಿಕ್ತು.

ನಾನು ಬಾಟಲಿಯನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು, ಅದರಲ್ಲಿ ನೋಡಲು ಇನ್ನೂ ಬಹಳವಿದೆ ಎಂಬಂತೆ ನಿಂತೆ.

ಹೆಂಡತಿ: ಅಕ್ಷರ ಹೇಗಿತ್ತು?

ಅಂಗಡಿಯವರು: ಕೋಳಿ ಕೆದಕಿದ ಹಾಗೆ.

ಹೆಂಡತಿ: ರೀ, ಮೂರು ಚೀಲಕ್ಕೆ ದುಡ್ಡು ಕೊಡಿ.

ನಾನು ಕೊಟ್ಟೆ. ಚಿಲ್ಲರೆಯನ್ನು ಎಣಿಸಿಕೊಳ್ಳುವ ಮುಖವೂ ಇರಲಿಲ್ಲ. ಅಂಗಡಿಯವರು ಮೀನನ್ನು ನಮ್ಮ ಹೆಸರಿಗೆ ಬರೆದುಕೊಂಡರು.

ಹೆಂಡತಿ: ಜೊತೆಗೆ ನಿಮ್ಮ ತೊಟ್ಟಿಯ ಹಳೇ ಮರಳು ಎರಡು ಲೋಟ ಹಾಕಿ ಕೊಡಿ. ಮೇಲೆ ಉದುರಿಸ್ತೀನಿ. ನಿಮ್ಮ ಸೂಕ್ಷ್ಮಜೀವಿಗಳು ಅದರಲ್ಲೇ ಬರ್ತವಲ್ಲ.

ಅಂಗಡಿಯವರು: ಮೇಡಂ, ನಿಮಗೆ ಇದೆಲ್ಲ ಮೊದಲೇ ಗೊತ್ತಿತ್ತಾ?

ಹೆಂಡತಿ: ಗೊತ್ತಿತ್ತು. ಮರಳಿನ ವಿಷಯ, ನಾನು ಮೊದಲು ಬಾಯಿ ಬಿಟ್ಟಿದ್ರೆ ಇವರು ಊಟ ಬಿಡ್ತಿದ್ರು.

ಆ ಸಂಜೆ ಬಚ್ಚಲಲ್ಲಿ ಮೂವತ್ತು ಕೆ.ಜಿ. ಮರಳನ್ನು ಬಕೆಟಿನಲ್ಲಿ ಹಾಕಿ ಹಾಕಿ ತೊಳೆದವನು ನಾನು. ನೀರು ತಿಳಿಯಾಯಿತು ಎಂದಾಗಲೆಲ್ಲ ಅವಳು ಬಂದು ಬಾಟಲಿಯಲ್ಲಿ ತುಂಬಿ ಬೆಳಕಿಗೆ ಹಿಡಿದು, ಇನ್ನೂ ಮೋಡ ಇದೆ ಎಂದು ಫೇಲು ಮಾಡಿ ಹೋಗುತ್ತಿದ್ದಳು. ಹದಿನಾಲ್ಕನೇ ಬಕೆಟಿಗೆ ಪಾಸಾದೆ. ತೊಟ್ಟಿಯ ನೀರು ತಿಳಿಯಾದ ಮೇಲೆ, ಮರುದಿನ ಮೀನು ಬಂತು. ನೀರಿಗೆ ಬಿಟ್ಟ ಕ್ಷಣಕ್ಕೆ ಒಂದು ಹಳದಿ ಗೆರೆ ಕಂಡಿತು, ಮರಳು ಒಂದಿಷ್ಟು ಹಾರಿತು, ಅಷ್ಟೇ. ಆ ದಿನ ಕಾಣಲಿಲ್ಲ. ಅದರ ಮರುದಿನವೂ ಇಲ್ಲ.

ಮೂರನೇ ದಿನ ಬೆಳಗ್ಗೆ ಅವಳು ಸ್ಟೂಲು ಹಾಕಿಕೊಂಡು ತೊಟ್ಟಿಯ ಮುಂದೆ ಕೂತಿದ್ದಳು. ನಾಷ್ಟಾ ಮಾಡಿರಲಿಲ್ಲ. ನಾನು ಹೋಗಿ ಪಕ್ಕದಲ್ಲಿ ನಿಂತೆ.

ಹೆಂಡತಿ: ನೀವು ಹೇಳಿದ್ದೇ ಸರಿಯೇನೋ ರೀ. ಒಗ್ಗಲಿಲ್ವೇನೋ.

ನಾನು: ಛೆ, ಏನು ಮಾತು ಅಂತ ಆಡ್ತೀಯ. ಬಹಳ ಒಳ್ಳೇ ಮರಳು ಕಣೇ ಅದು. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹೆಂಡತಿ: ಮತ್ತೆ ಚೀಟಿ ಅಂಟಿಸಿದ್ದು?

ನಾನು: ಅದು ಬರೀ ಚೀಟಿ. ನೀರು ಸೋಸೋ ಮರಳಿನ ಉಸ್ತುವಾರಿ ನಂದು, ಮೀನಿನ ಹಾಸಿಗೆ ಬಗ್ಗೆ ನನಗೇನು ಗೊತ್ತಿತ್ತು ಆಗ?

ನಾವಿಬ್ಬರೂ ಬಗ್ಗಿ ನೋಡಿದೆವು. ಬಲಮೂಲೆಯಲ್ಲಿ ನಾಲ್ಕು ಕಾಳು ಸರಿದವು. ಮೊದಲು ಒಂದು ಹಳದಿ ಮೂತಿ, ಹಿಂದೆಯೇ ಎರಡು ದುಂಡು ಕಣ್ಣು. ಮೂತಿಯ ಮೇಲೆ ಒಂದು ಗೀರೂ ಇರಲಿಲ್ಲ. ಅದು ಅವಳನ್ನು ನೋಡಿತು. ಆಮೇಲೆ ನನ್ನ ಕಡೆ ತಿರುಗಿತು. ತಕ್ಷಣ ಮತ್ತೆ ಒಳಗೆ.

ನಾನು: ಬಂದಿತ್ತಲ್ಲ, ಯಾಕೆ ಹೋಯ್ತು?

ಅವಳು ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡಳು. ಎದ್ದು ಸ್ಟೂಲನ್ನು ಗೋಡೆಗೆ ಸರಿಸಿದಳು.

ಹೆಂಡತಿ: ಮರಳು ಒಪ್ಪಿಗೆ ಆಗಿದೆಯಂತೆ. ನಿಮ್ಮನ್ನ ಒಪ್ಪೋಕೆ ಇನ್ನೆರಡು ದಿನ ಟೈಮ್ ಕೇಳಿದೆ. ಕೊಡಿ ಪಾಪ, ನಾನು ಇಪ್ಪತ್ತೆರಡು ವರ್ಷ ತಗೊಂಡಿದ್ದೀನಿ.