ನೂರಕ್ಕೆ ತೊಂಬತ್ತೇಳು

ಭಾಮೈದ ತಂದುಕೊಟ್ಟ ಆ ಸಾಧನ ಬೆಂಕಿಪೊಟ್ಟಣಕ್ಕಿಂತ ದೊಡ್ಡದೇನೂ ಇರಲಿಲ್ಲ. ಕಾರಿನ ಸ್ಟೇರಿಂಗ್ ಕೆಳಗೆ ಸಿಕ್ಕಿಸಿ ಮೊಬೈಲಿಗೆ ಜೋಡಿಸಿದರೆ ಮುಗೀತು. ಗಕ್ಕನೆ ಬ್ರೇಕ್ ಒತ್ತಿದ್ದು, ತಿರುವಿನಲ್ಲಿ ನುಗ್ಗಿದ್ದು, ಎಲ್ಲವನ್ನೂ ನೋಡಿಕೊಂಡು ನೂರಕ್ಕೆ ಇಷ್ಟು ಅಂತ ಅಂಕ ಕೊಡುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಅಂಕ ಕೊಟ್ಟೇ ಗೊತ್ತಿದ್ದ ಜೀವಶಾಸ್ತ್ರದ ಮೇಷ್ಟ್ರಿಗೆ ಮೊದಲ ದಿನ ಬಂದದ್ದು ಮೂವತ್ತೊಂದು. ಹೆಂಡತಿಗೆ ತೊಂಬತ್ತೆರಡು.

"ಫೇಲು," ಅಂದಳು ಹೆಂಡತಿ. ಅವಳು ಆಸ್ಪತ್ರೆಯಲ್ಲಿ ಹೆಡ್ ನರ್ಸ್. ಡಾಕ್ಟರುಗಳೂ ಅವಳಿಗೆ ಎದುರು ಮಾತಾಡುತ್ತಿರಲಿಲ್ಲ.

ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. "ಭಾನುವಾರ ನೋಡೇಬಿಡೋಣ. ಸ್ಟೇಷನ್ನಿಗೆ ಹೋಗಿ ವಾಪಸ್. ಬೆಳಿಗ್ಗೆ ನಾನು, ಸಂಜೆ ನೀನು. ಗೆದ್ದವರಿಗೆ ಕಾರಿನ ಕೀ. ಸೋತವರು ಡ್ರೈವರ್ ಸೀಟಿನ ಕಡೆ ತಲೆ ಹಾಕೂ ಮಲಗಬಾರದು!"

"ಆಗಲಿ ಬಿಡಿ," ಅಂದಳು.

ಭಾನುವಾರ ಮೇಲಿನ ಮನೆಯ ನಿವೃತ್ತ ರೈಲ್ವೆ ಗಾರ್ಡ್ ಕೇಳದೆಯೇ ತೀರ್ಪುಗಾರರಾಗಿ ಹಿಂದಿನ ಸೀಟಿನಲ್ಲಿ ಕೂತರು. ಕೊರಳಲ್ಲಿ ಸೀಟಿ, ತೊಡೆಯ ಮೇಲೆ ಮೇಷ್ಟ್ರ ಮೊಬೈಲು. ಕಾರು ತುಂಬು ಬಸುರಿಯ ಹಾಗೆ ಹೊರಟಿತು. ಕೋಲೂರಿಕೊಂಡು ಹೋಗುತ್ತಿದ್ದ ಅಜ್ಜಿಯೊಬ್ಬರು ಅದನ್ನು ದಾಟಿ ಮುಂದೆ ಹೋದರು.

ಸ್ಕೂಟರಿನವನೊಬ್ಬ ಕಿಟಕಿಯ ಪಕ್ಕ ಬಂದು ಕಿರುಚಿದ. "ಏನ್ ಸಾರ್, ಒಳಗೆ ಮೊಟ್ಟೆ ಇಟ್ಕೊಂಡಿದೀರಾ?"

"ಮರ್ಯಾದೆ ಇಟ್ಕೊಂಡಿದೀನಿ! ಹೋಗಯ್ಯ!"

ನಡುರಸ್ತೆಯಲ್ಲಿ ನಾಯಿಯೊಂದು ಕಾಲು ಚಾಚಿ ಮಲಗಿತ್ತು.

"ಬ್ರೇಕ್ ಒತ್ತೀರಿ ಮೇಷ್ಟ್ರೇ, ಅಂಕ ಹೋಗುತ್ತೆ!" ಎಂದ ಗಾರ್ಡ್ ಸಾಹೇಬರು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಎಕ್ಸ್‌ಪ್ರೆಸ್ ರೈಲು ಬಿಡುವವರಂತೆ ಸೀಟಿ ಊದಿದರು. ನಾಯಿ ಬಿದ್ದಂಬೀಳ ಓಡಿತು.

ಅಷ್ಟರಲ್ಲಿ ಕಾರಿನ ಹಿಂದೆ ಎರಡು ಬಸ್ಸು, ಒಂದು ನೀರಿನ ಟ್ಯಾಂಕರು, ಲೆಕ್ಕವಿಲ್ಲದಷ್ಟು ಬೈಕುಗಳು ಸಾಲುಗಟ್ಟಿದ್ದವು. ಯಾರೋ ದೊಡ್ಡ ಮನುಷ್ಯರ ಸವಾರಿ ಅಂದುಕೊಂಡ ಟ್ರಾಫಿಕ್ ಪೊಲೀಸಿನವನು ಎಲ್ಲ ಕಡೆ ಕೈ ಅಡ್ಡ ಹಿಡಿದು, ಮೇಷ್ಟ್ರಿಗೆ ದಾರಿ ಬಿಡಿಸಿ, ಸಲ್ಯೂಟ್ ಹೊಡೆದ. ಮೇಷ್ಟ್ರು ಎಡಗೈ ಎತ್ತಿ ಅದನ್ನು ಸ್ವೀಕರಿಸಿದರು.

ಹತ್ತು ನಿಮಿಷದ ದಾರಿಗೆ ಒಂದೂವರೆ ಗಂಟೆ. ಆದರೆ ಅಂಕ ತೊಂಬತ್ತೇಳು! ಗಾರ್ಡ್ ಸಾಹೇಬರು ಬೀದಿಗೆಲ್ಲ ಕೇಳುವಂತೆ ಸಾರಿದರು. ಮಹಡಿಗಳಿಂದ ಚಪ್ಪಾಳೆ ಬಿತ್ತು.

ಸಂಜೆ ಹೆಂಡತಿ ಹೊರಟಳು. ಹೋಗಿ ಇಪ್ಪತ್ತೇ ನಿಮಿಷಕ್ಕೆ ವಾಪಸ್. ಹಿಂದಿನ ಸೀಟಿನಿಂದ ಇಳಿದ ಗಾರ್ಡ್ ಸಾಹೇಬರ ಕನ್ನಡಕ ಸೊಟ್ಟಗಾಗಿತ್ತು. "ನಲವತ್ತು," ಅಂದರು ಅದನ್ನು ಸರಿಮಾಡಿಕೊಳ್ಳುತ್ತ.

ಮೇಷ್ಟ್ರು ಕೀಯನ್ನು ವಿಶ್ವಕಪ್ಪಿನ ಹಾಗೆ ತಲೆಯ ಮೇಲೆತ್ತಿ ಹಿಡಿದರು. ಮಗಳು ಫೋಟೋ ತೆಗೆದಳು. ಮೇಷ್ಟ್ರ ಅಮ್ಮ ದೃಷ್ಟಿ ತೆಗೆಯುವುದೊಂದು ಬಾಕಿ.

"ಸೋತೆ ಕಣ್ರೀ," ಅಂದಳು ಹೆಂಡತಿ, ಸೋಫಾದಲ್ಲಿ ಒರಗಿಕೊಂಡು. "ಮಾತು ಅಂದ್ರೆ ಮಾತು. ಇನ್ನು ನೀವೇ ಓಡಿಸ್ಬೇಕು. ನಾಳೆ ಬೆಳಿಗ್ಗೆ ಐದೂವರೆಗೆ ನನ್ನನ್ನ ಆಸ್ಪತ್ರೆಗೆ ಬಿಡಿ. ಆರೂವರೆಗೆ ಇವಳ ಈಜು ಕ್ಲಾಸು. ಸಂಜೆ ಅತ್ತೆಗೆ ಕಣ್ಣಿನ ಡಾಕ್ಟರು, ಅಲ್ಲಿಂದ ಮಾರ್ಕೆಟ್ಟು. ಇಷ್ಟು ವರ್ಷ ಎಲ್ಲಾ ನಾನೇ ಸುತ್ತಿದ್ದಾಯ್ತು. ನಾನಿನ್ನು ಹಿಂದಿನ ಸೀಟಲ್ಲಿ ಒಂದು ನಿದ್ದೆ ತೆಗೀತೀನಿ."

ಎತ್ತಿದ ಕೈ ಮೆಲ್ಲಗೆ ಕೆಳಗಿಳಿಯಿತು. ಮೇಷ್ಟ್ರು ಸೋಫಾದ ಇನ್ನೊಂದು ತುದಿಯಲ್ಲಿ ಕೂತರು. "ಅದಿರಲಿ... ತೊಂಬತ್ತೆರಡು ತೆಗೆದವಳು ನೀನು. ಇವತ್ತು ನಲವತ್ತು ಹೇಗೆ ಬಂತೇ?"

ಹೆಂಡತಿ ಬಲಗಾಲನ್ನು ಅವರ ಮಡಿಲಿಗೆ ಚಾಚಿದಳು.

"ಖಾಲಿ ರಸ್ತೇಲಿ ಮೂವತ್ತು ಸಲ ಬ್ರೇಕ್ ತುಳಿಯೋದು ಅಂದ್ರೆ ಸುಮ್ನೇನಾ? ಕಾಲು ಹಿಡ್ಕೊಂಡುಬಿಟ್ಟಿದೆ. ಸ್ವಲ್ಪ ಒತ್ತಿ."