ಏಳ್ರೀ, ನಿಮ್ಮ ಊರು ಬಂತು

ಫಜೀತಿ ಹುಡುಕ್ಕೊಂಡು ನಾ ಎಂದೂ ಹೋದಾಂವಲ್ಲ. ಪುಣೆಯೊಳಗ ನಾ ಒಬ್ಬನೇ ಇರೋ ಖೋಲಿ ವಿಳಾಸ ಕೇಳ್ಕೋತ ಅವೇ ಬರ್ತಾವ. ಬ್ಯಾರೆ ಯಾರೂ ಬರೂದಿಲ್ಲ, ಹಿಂಗಾಗಿ ನಾನೂ ಬ್ಯಾಡ ಅನ್ನೂದಿಲ್ಲ.

ನಾ ಮಾಡಿದ್ದು ಒಂದೇ ಆ್ಯಪ್, ಬಸ್ಸಿನಾಗ ಮಲಗೋರ ಸಲುವಾಗಿ. ಇಳಿಯೋ ಊರು ಹಾಕಿ ಮಲಗಿದ್ರ, ಊರು ಹತ್ರ ಬಂದಾಗ ಫೋನು ಎಬ್ಬಿಸ್ತದ. ಬರೇ ಗಂಟಿಗೆ ನಮ್ಮ ಮಂದಿ ಏಳೂದಿಲ್ಲಂತ ನನ್ನ ದನೀನೇ ತುಂಬಿದ್ದೆ: "ಏಳ್ರೀ, ನಿಮ್ಮ ಊರು ಬಂತು!" ಕೆಳಗ 'ತಕರಾರು' ಅಂತ ಒಂದು ಬಟನ್. ಆಫೀಸು ಅನ್ನೋದು ಇರಲಿಲ್ಲ, ಅದನ್ನ ಒತ್ತಿದ್ರ ಸೀದಾ ನನ್ನ ಫೋನೇ ಬಡ್ಕೋತಿತ್ತು.

ಸ್ವಂತ ದನಿ

ಗೆಳೆಯನ ಮದುವಿಗೆ ಎಸ್‌ಟಿ ಬಸ್ಸಿನಾಗ ಇಂದಾಪುರಕ್ಕ ಹೊಂಟಿದ್ದೆ. ಗಾಢ ನಿದ್ದಿ. "ಏಳ್ರೀ, ನಿಮ್ಮ ಊರು ಬಂತು!" ಅಂತ ಕೇಳಿದ್ದೇ ತಡ, ಬ್ಯಾಗ್ ಹಿಡ್ಕೊಂಡು ಬಾಗಿಲಿಗೆ ಓಡಿ, ಬಸ್ ನಿಲ್ಲಿಸಿ ಇಳದೆ. ಬಸ್ ಹೋದ ಮ್ಯಾಲೆ ನೋಡ್ತೀನಿ, ಎರಡೂ ಕಡೆ ಕಬ್ಬು. ಊರಿಲ್ಲ, ಮದುವಿಲ್ಲ. ಕೂಗಿದ್ದು ಮುಂದಿನ ಸೀಟಿನವರ ಫೋನು!

ಸಂಜೀಕ ತಕರಾರಿನ ಫೋನ್ ಬಂತು. ತಳೇಗಾಂವದ ಒಂದು ಕಾರ್ಖಾನೆಯೊಳಗ ಫಿಟ್ಟರ್ ಇರೋ ಕಾಕಾ, ನಮ್ಮ ಕಲಬುರಗಿ ಕಡೆಯವರು. "ಏನ್ ಆ್ಯಪ್ರಿ ನಿಮ್ದು? ಅದು ಕೂಗಿದ್ದಕ್ಕ ಹಿಂದಿನ ಸೀಟಿನಾಂವ ಯಾವನೋ ಇಳದು ಹೋದನಂತ, ಕಂಡಕ್ಟರ್ ಹೇಳಿದ. ನಡುದಾರ್ಯಾಗ ಇಳಿಯೋ ನಾ ಮಲಗಿದಾಂವ ಮಲಗೇ ಸೋಲಾಪುರ ಮುಟ್ಟಿದೆ!"

ಆ ಯಾವನೋ ನಾನೇ ಅಂತ ಹೇಳೋ ಧೈರ್ಯ ಆಗಲಿಲ್ಲ. "ಊಟ ಆತೇನ್ರಿ ಕಾಕಾ?" ಅಂತ ಕೇಳಿ ಮಾತು ಹಾರಿಸಿದೆ.

ಶೀರಾ

ಮುಂದ ಒಂದಿನ ಫೋನಿನ ದೊಡ್ಡ ಕಂಪನಿ ಅದೇ ಸೌಲತ್ತು ತನ್ನ ಎಲ್ಲಾ ಫೋನಿಗೂ ಪುಕ್ಕಟೆ ಕೊಟ್ಟುಬಿಡ್ತು. ನಾ ದಿನಾ ಊಟ ಮಾಡೋ ಹೋಟೆಲಿನ ಮಾಲೀಕರು ಉಡುಪಿ ಕಡೆಯವರು. ಪೇಪರ್ ಹಿಡಿದು ಬಂದವರೇ ನನ್ನ ಕೈ ಕುಲುಕಿದ್ರು.

"ಏನು ಮಾರಾಯ್ರೆ, ನಿಮ್ಮ ಆ್ಯಪ್ ಈಗ ಎಲ್ಲರ ಫೋನಿಗೂ ಬಂತಂತೆ! ತಗೊಳ್ಳಿ, ಶೀರಾ ತಿನ್ನಿ."

ತಿಂದೆ. ದುಃಖದಾಗೂ ರುಚಿ ಹತ್ತಿತು, ಅದಕ್ಕ ಇನ್ನೊಂದಿಷ್ಟು ದುಃಖ ಆತು. ಕಡೀಕ ಬಿಡಿಸಿ ಹೇಳಿದೆ: "ಮಾಲೀಕ್ರ, ನಿಮ್ಮ ಎದುರಿಗೇ ಒಬ್ಬಾಂವ ದೊಡ್ಡ ಹೋಟೆಲ್ ತೆಗದು, ನಿಮ್ಮದೇ ಇಡ್ಲಿ ಪುಕ್ಕಟೆ ಹಂಚಿದ್ರ ಹೆಂಗ್ರಿ?"

ಅವರು ಗಾಬರಿಯಾಗಿ ಬಾಗಿಲಿಗೆ ಓಡಿ ರಸ್ತೆ ಆ ಕಡೆ ನೋಡಿದ್ರು. "ಎಲ್ಲಿ ಮಾರಾಯ್ರೆ? ಯಾವಾಗ ಓಪನಿಂಗ್?"

ಚಪ್ಪಲಿ

ಹೊಸಾದು ಏನರ ಮಾಡು ಅಂತ ಎಲ್ಲರೂ ಬುದ್ಧಿ ಹೇಳಿದ್ರು. "ಛತ್ರಿ ಮರೀಬ್ಯಾಡ್ರಿ" ಅಂತ ಹೇಳೋದನ್ನ ಸೇರಿಸಿದೆ. ಸ್ವಲ್ಪ ದಿನಕ್ಕ ಕಂಪನಿಯ ಫೋನೂ ಛತ್ರಿ ನೆನಪಿಸ್ತು. ಸಿಟ್ಟಿಗೆದ್ದು "ಸೀಟಿನ ಕೆಳಗ ಚಪ್ಪಲಿ ನೋಡ್ಕೋರಿ" ಅಂತ ಹಾಕಿದೆ. ಅದೊಂದನ್ನ ಇನ್ನೂ ಮುಟ್ಟಿಲ್ಲ. ಚಪ್ಪಲಿ ಮಾತ್ರ ನನ್ನ ಪಾಲಿಗೆ ಬಿಟ್ಟಾರ.

ಹಸರು ಚುಕ್ಕಿ

ಮಂದಿ ಒಬ್ಬೊಬ್ಬರೇ ಆ್ಯಪ್ ತೆಗದು ಹಾಕಿದ್ರು. ಯಾರರ ಆ್ಯಪ್ ಹಚ್ಚಿದ್ರ ನನ್ನ ಕಂಪ್ಯೂಟರಿನಾಗ ಒಂದು ಹಸರು ಚುಕ್ಕಿ ಕಾಣ್ತದ. ಪರದಿ ತುಂಬ ಇದ್ದ ಚುಕ್ಕಿ ಹೋಗ್ತಾ ಹೋಗ್ತಾ ಒಂದಕ್ಕ ಬಂತು. ಆ ಒಂದು ಮಾತ್ರ ದಿನಾ ಮುಂಜಾನೆ ತಪ್ಪದ ಬರ್ತಿತ್ತು. ಖರೇ ಹೇಳ್ತೀನಿ, ಅದು ಬರೂತನಕ ನನಗ ಚಹಾ ಗಂಟಲಾಗ ಇಳೀತಿರಲಿಲ್ಲ. ಖೋಲಿಯೊಳಗ ನನ್ನ ಜೋಡಿ ಮಾತಾಡೋರು ಯಾರೂ ಇಲ್ಲ. ಎಲ್ಲೋ ಒಂದು ಬಸ್ಸಿನಾಗ ನನ್ನ ದನಿಯರ ಒಬ್ಬರ ಜೋಡಿ ಮಾತಾಡ್ತದಲ್ಲ ಅಂತ ಸಮಾಧಾನ.

ಆದ್ರ ಒಂದು ಚುಕ್ಕಿ ನೋಡ್ಕೋತ ಜೀವನ ನಡೀತದೇನು? ಒಂದು ಆಫೀಸಿನಾಗ ನೌಕರಿ ಹಿಡದೆ. "ಮುಂದಿನ ತಿಂಗಳಿಂದ ಆ್ಯಪ್ ಬಂದ್" ಅಂತ ನೋಟೀಸ್ ಹಾಕಿದೆ. ಅವತ್ತೇ ಫೋನ್ ಬಂತು. ಅದೇ ಫಿಟ್ಟರ್ ಕಾಕಾ.

"ಬಂದ್ ಮಾಡ್ತೀರೇನ್ರಿ?"

"ಹೌದ್ರಿ ಕಾಕಾ. ನಿಮ್ಮ ಫೋನಿನಾಗೇ ಅದ, ನಂದಕ್ಕಿಂತ ಛಲೋ ಅದ."

"ಗೊತ್ತದ. ಕಾರ್ಖಾನೆಗೆ ಹೋಗೋ ಬಸ್ಸಿನಾಗ ದಿನಾ ಅದರ ಗಂಟಿಗೇ ಏಳ್ತೀನಿ."

ನನಗ ತಲಿ ತಿರುಗಿತು. "ಮತ್ತ ನಂದ್ಯಾಕ ಹಚ್ತೀರಿ?"

"ಅದು ತಪ್ಪಿದ್ರ ಯಾರಿಗೆ ಬೈಲಿ? ಕಂಪನಿಗೆ ಫೋನ್ ಹಚ್ಚಿದ್ರ ಒಂದು ಒತ್ತರಿ, ಎರಡು ಒತ್ತರಿ ಅಂತದ. ನೀವು ಎತ್ತತೀರಿ. ಪೂರಾ ಬೈಸ್ಕೋತೀರಿ. ಮ್ಯಾಲೆ ಊಟ ಆತೇನ್ರಿ ಅಂತೀರಿ. ಹೆಂಡ್ತಿ ಮಕ್ಕಳು ಊರಾಗ ಇದ್ದಾರ. ಇಲ್ಲೆ ಖೋಲಿಯೊಳಗ ನಾ ಒಬ್ಬನೇ. ಗ್ವಾಡಿಗೆ ಬೈಲೇನು?"

ನನ್ನ ಕಣ್ಣಾಗ ನೀರು ಬಂತು. ನೌಕರಿಗೂ ಹೋದೆ, ಆ್ಯಪ್ ಬಂದೂ ಮಾಡಲಿಲ್ಲ. ದಾರಿ ತೋರಿಸೋ ನಕಾಶಿ, ದನಿ, ಛತ್ರಿ, ಚಪ್ಪಲಿ ಎಲ್ಲಾ ತೆಗದೆ. ಒಂದೇ ಬಟನ್ ಉಳಿಸಿದೆ. ಅದರ ಮ್ಯಾಲೆ 'ಬೈರಿ' ಅಂತ ಬರದೆ.

ಮರುದಿನ ಫೋನು ಬಡ್ಕೊಂತು.

"ಬಟನ್ ಇಷ್ಟು ಸಣ್ಣದ್ಯಾಕ್ರಿ? ಕಣ್ಣಿಗೇ ಕಾಣೂದಿಲ್ಲ! ಯಾವ ಶಾಣ್ಯಾ ಮಾಡ್ಯಾನ ಇದನ್ನ?"

"ನಾನೇರಿ ಕಾಕಾ."

"ಹಂಗಾದ್ರ ಇರಲಿ ಬಿಡ್ರಿ," ಅಂದ್ರು. "ನಿಮ್ಮದು ಊಟ ಆತೇನು?"