ಮಣಿಕಟ್ಟಿನ ಅಳತೆ

ವೈಜನಾಥನ ಎಡಹೆಗಲಿಗೆ ಒಂದು ವಾರದಿಂದ ಬಿಡುವಿರಲಿಲ್ಲ. ಬಚ್ಚಲಲ್ಲಿ ಜಾರಿ ಮೊಣಕಾಲು ಉಳುಕಿಸಿಕೊಂಡ ತಾಯಿ ಗಂಗಾಬಾಯಿ ಆ ಹೆಗಲನ್ನೇ ಹಿಡಿದು ಮಣಿಕೊಂಡದ ಫ್ಲಾಟಿನಲ್ಲಿ ದೇವರಿಂದ ಟೀವಿಗೆ, ಟೀವಿಯಿಂದ ಅಡುಗೆಮನೆಗೆ ಸಂಚರಿಸುತ್ತಿದ್ದಳು. ಅವನ ರಜೆಗಳೆಲ್ಲ ಹೀಗೇ ಕರಗಿದವು. ಸೋಮವಾರ ಅಮೆರಿಕದವರು ಬರುತ್ತಾರೆ, ಅಂದೂ ಬಾರದಿದ್ದರೆ ಪ್ರಾಜೆಕ್ಟು ಬೇರೆಯವರಿಗೆ ಎಂದು ಮ್ಯಾನೇಜರು ಹೇಳಿಬಿಟ್ಟಿದ್ದ. ಇವತ್ತು ಭಾನುವಾರ.

ನಾಲ್ಕು ಕಾಲಿನ ವಾಕರ್ ಹಿಡಿದು ನಡೆಯಲು ಗಂಗಾಬಾಯಿಯ ತಕರಾರಿರಲಿಲ್ಲ. ತಕರಾರಿದ್ದದ್ದು ಅಳತೆಗೆ. ಚಪ್ಪಲಿ ಮೆಟ್ಟಿ, ಕೈ ಇಳಿಬಿಟ್ಟು ನಿಂತಾಗ ನೆಲದಿಂದ ಮಣಿಕಟ್ಟಿಗೆ ಎಷ್ಟೋ ಅಷ್ಟೇ ಎತ್ತರದ್ದು ತನ್ನಿ, ಹೆಚ್ಚಾದರೆ ಹೆಗಲು ನೋವು, ಕಮ್ಮಿಯಾದರೆ ಗೂನು ಎಂದಿದ್ದರು ಡಾಕ್ಟರು. ಮಗ ಟೇಪು ಹಿಡಿದು ಬಂದದ್ದೇ ತಡ, ಮುದುಕಿ ಸೋಫಾ ಬಿಟ್ಟು ಏಳಲಿಲ್ಲ.

"ಮನಷ್ಯಾರನ್ನ ನೆಲದಿಂದ ಮ್ಯಾಲಕ್ಕ ಅಳಿಯೂದು ಒಮ್ಮೆ, ಚಟ್ಟ ಕಟ್ಟುವಾಗ. ನನಗಿನ್ನಾ ಹೊತ್ತು ಬಂದಿಲ್ಲ."

"ಕುಬಸ ಹೊಲಿಸುವಾಗ ಅಳತಿ ಕೊಡ್ತಿಯಲ್ಲವ್ವ?"

"ಅದು ಸೊಂಟದ ಮ್ಯಾಲಿನ ಮಾತು."

ವೈಜನಾಥನಿಗೆ ಉಪಾಯ ಹೊಳೆಯಿತು. ಕೆಳಗಿನ ಮಹಡಿಯ ಗುಣವತಿ ಅವ್ವನ ಗೆಳತಿ. ಇಬ್ಬರೂ ಪಕ್ಕದಲ್ಲಿ ನಿಂತರೆ ತಲೆಗೆ ತಲೆ ಸಮ. ಆಕೆ ಕೊತ್ತಂಬರಿ ತರಲು ಹೊರಟಿದ್ದಾಗ ಲಿಫ್ಟಿನ ಮುಂದೆಯೇ ಹಿಡಿದು, ವಿಷಯ ತಿಳಿಸಿ, ಮಂಡಿಯೂರಿ ಕೂತು ಟೇಪು ಹಿಡಿದ. ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆಯಿತು. ಒಳಗೆ ನಿಂತಿದ್ದವಳು ಎದುರು ಮನೆಯ ವನಜಾ. ಏನೂ ಕೇಳದೆ ನಕ್ಕು ಹೋದಳು. ವನಜಾ ಕೇಳಿದ್ದರೆ ಚಿಂತೆಯಿರಲಿಲ್ಲ.

ಅಂಗಡಿಗೆ ಹೊರಟವನನ್ನು ಗೇಟಿನಲ್ಲಿ ಗುಣವತಿಯ ಗಂಡ ಅಮರಯ್ಯ ತಡೆದರು. ರಕ್ಷಣಾ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಗಾಲಿ ಇರುವುದನ್ನೇ ತರಬೇಕೆಂದು ಹಟ ಹಿಡಿದರು. ನುಣುಪು ಟೈಲ್ಸಿನ ಮೇಲೆ ಗಾಲಿ ಮುಂದೆ, ಅವ್ವ ಹಿಂದೆ ಆದೀತೆಂದು ವೈಜನಾಥ ಒಪ್ಪಲಿಲ್ಲ. ಅಮೀರ್‌ಪೇಟಿನ ಅಂಗಡಿಯಲ್ಲಿ ಗಾಲಿಯಿಲ್ಲದ್ದು ಒಂದೇ ಉಳಿದಿತ್ತು. ಟೇಪು ಹಿಡಿದು ನೋಡಿದರೆ ಕೂದಲೆಳೆಯಷ್ಟೂ ಫರಕಿಲ್ಲ. ಅಂಗಡಿಯವನು "ಸಾಬ್, ಇಸ್‌ಕೇ ಪಾಂವ್ ಮೇ..." ಎಂದು ಬಗ್ಗಿ ಅದರ ಕಾಲಿನಲ್ಲಿ ಏನೋ ತೋರಿಸಲು ಹೋದ. ಅಳತೆ ಪಕ್ಕಾ ಇರುವವನಿಗೆ ಪಾಠ ಬೇಡವೆಂದು ವೈಜನಾಥ ಅವನ ಬಾಯಿ ಮುಚ್ಚಿಸಿ, ಸಾಮಾನು ಎತ್ತಿಕೊಂಡು ಬಂದ.

ಗಂಗಾಬಾಯಿ ವಾಕರ್ ಹಿಡಿದು ಚಪ್ಪಲಿ ಕಾಲಲ್ಲೇ ಮನೆಯೆಲ್ಲ ಸುತ್ತಿದಳು. ಹೇಳಿ ಮಾಡಿಸಿದ ಹಾಗಿತ್ತು. ವೈಜನಾಥ ಹೆಗಲು ಕೊಡವಿಕೊಂಡು, ನಾಳೆ ಬಂದೇ ಬರುತ್ತೇನೆಂದು ಮ್ಯಾನೇಜರಿಗೆ ಫೋನು ಮಾಡಿದ. ಫೋನು ಇಡುವಷ್ಟರಲ್ಲಿ ವನಜಾ ಗುಣವತಿಯನ್ನು ಕರೆದುಕೊಂಡು ಹಾಜರಾದಳು.

"ನಿಮ್ಮ ಮಗ ಭಾಳ ಶಾಣ್ಯಾ ನೋಡ್ರಿ. ಗುಣವತಿ ಅತ್ತಿ ಅಳತಿ ತಗೊಂಡು ಎಷ್ಟ ಚಂದ ತಂದಾನ."

ಗಂಗಾಬಾಯಿ ಕಾದ ಹಂಚು ಮುಟ್ಟಿದವಳಂತೆ ಕೈ ಬಿಟ್ಟಳು.

"ಅಳತಿ ಯಾರದೋ ಸಾಮಾನು ಅವರದು. ಗುಣವತಿ, ತಗೊಂಡ್ ಹೋಗವಾ."

ಗುಣವತಿಯ ಮೊಣಕಾಲೂ ಎರಡು ವರ್ಷದಿಂದ ಕಟಕಟ ಅನ್ನುತ್ತಿತ್ತು. ಬಾಯುಪಚಾರಕ್ಕೆ ಒಮ್ಮೆ ಬೇಡವೆಂದು, ಟಕ್ ಟಕ್ ಎಂದು ಊರುತ್ತ ಲಿಫ್ಟು ಹತ್ತಿದಳು.

ಸಂಜೆ ಅಮರಯ್ಯ ಉಪಕಾರ ನೆನೆಯಲು ಮೇಲೆ ಬಂದರು.

"ಚಲೋ ಸಾಮಾನು ತಂದೀರಿ. ಮನ್ಯಾಗ ಚಪ್ಪಲ್ ಬಿಟ್ಟು ಅಡ್ಡಾಡೂದರಾಗ ಆಕಿಗೆ ಒಂಚೂರು ಎತ್ತರ ಆಗಿತ್ತು. ಕಾಲಾಗ ಗುಂಡಿ ಅದಾವಲ್ಲ, ಒತ್ತಿ ಒಂದು ತೂತು ಇಳಿಸಿದೆ. ಯಾರಿಗೆ ಬೇಕೋ ಅಷ್ಟು ಎತ್ತರ ಮಾಡಬಹುದು. ಅಂಗಡಿಯಾಂವ ಹೇಳಲಿಲ್ಲೇನ್ರಿ? ಅಳತಿ ಯಾಕ ತಗೊಂಡ್ರಿ?"

ವೈಜನಾಥನಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಗಂಗಾಬಾಯಿ ಮಗನತ್ತ ತಿರುಗಿದಳು.

"ಹಂಗಾದ್ರ ಅದು ಆಕಿ ಅಳತೀದಲ್ಲ, ನಂದs ಇತ್ತಲ್ಲೋ. ಬಾಯಿ ಬಿಟ್ಟು ಹೇಳಬಾರದೇನು?"

"ಈಗರ ಇಸ್ಕೊಂಡ್ ಬರ್ತೀನವ್ವ."

"ಕೊಟ್ಟದ್ದು ಹೊಳ್ಳಿ ಕೇಳ್ತಾರೇನು? ಮಂದಿ ನಗ್ತಾರ. ಏಳು, ಧಾರಾವಾಹಿ ಸುರು ಆತು."

ಎಡಹೆಗಲ ಮೇಲೆ ಹಳೆಯ ಕೈ ಹಳೆಯ ಜಾಗದಲ್ಲೇ ಬಂದು ಕೂತಿತು. ಮೇಜಿನ ಮೇಲೆ ಮ್ಯಾನೇಜರನ ಕರೆಗೆ ಫೋನು ಬಡಿದುಕೊಳ್ಳತೊಡಗಿತು. ವೈಜನಾಥ ಅದನ್ನು ದಾಟಿ ಟೀವಿಯ ಕಡೆಗೆ ಮೆಲ್ಲಗೆ ಹೆಜ್ಜೆ ಹಾಕಿದ.